ಬೀಗರಿಗೆ ಬೇರೆ ಬೇರೆ ಪಟ್ಟಿ

ನನ್ನ ಸೋದರಮಾವನಿಗೆ ಟಿ. ನರಸೀಪುರದಲ್ಲಿ ಮೈಕ್‌ಸೆಟ್ ಅಂಗಡಿ ಇತ್ತು. ಮದುವೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವ, ಚುನಾವಣೆ, ಯಾವುದಕ್ಕೆ ಕರೆದರೂ ಹೋಗಿ ಮರ ಹತ್ತಿ ಹಾರ್ನ್ ಕಟ್ಟಿ ಬರುತ್ತಿದ್ದರು. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷಕ್ಕೆ, ಮೈಸೂರಿನ ಯಾವುದೋ ಕಚೇರಿಯವರು ಮಾರಿದ ಹಳೆಯ ಕಂಪ್ಯೂಟರೊಂದನ್ನು ಕೊಂಡು ತಂದರು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಅಂಗಡಿಯ ಬೋರ್ಡಿನಲ್ಲಿ 'ಮೈಕ್‌ಸೆಟ್' ಎಂಬ ಪದದ ಹಿಂದೆ 'ಕಂಪ್ಯೂಟರ್' ಎಂದು ಬರೆಸಿದರು. ಅದಾದ ಮೇಲೆ ಆ ಪೆಟ್ಟಿಗೆಯಿಂದ ಹಾಡು ಬರುವುದು ಹೇಗೆ ಎಂದು ಕೇಳಲು ನನ್ನ ಹತ್ತಿರ ಬಂದರು.

ನಾನು ಆಗ ನಂಜನಗೂಡಿನಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲಿದ್ದ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಮಾವ ಪೆಟ್ಟಿಗೆಯನ್ನು ಹಾಸಿಗೆಯಲ್ಲಿ ಸುತ್ತಿ, ಗೂಡ್ಸ್ ಆಟೋದಲ್ಲಿ ತಂದು ಇಳಿಸಿದರು. ಅದಕ್ಕೆ ಶಕ್ತಿ ಕಡಿಮೆ. ಬಣ್ಣದ ಪರದೆಯ ಮೇಲೆ ಮೌಸ್ ಆಡಿಸಿ ಹಾಡು ಹಾಕಿದರೆ ಪಲ್ಲವಿ ಮುಗಿಯುವುದರೊಳಗೆ ನಿಂತು ಹೋಗುತ್ತಿತ್ತು. ಆದ್ದರಿಂದ ಬಣ್ಣ ತೆಗೆದು, ಕಪ್ಪು ಪರದೆಯ ಮೇಲೆ ಅಪ್ಪಣೆಯನ್ನು ಅಕ್ಷರಗಳಲ್ಲೇ ಬರೆದು ನಡೆಸುವ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟೆ. ಅದರ ಹೆಸರು ಹಾಡು. ಮದುವೆಯ ಊಟಕ್ಕೆ ಹಾಕಬೇಕಾದ ಅಪ್ಪಣೆ ಹೀಗಿತ್ತು:

haadu -p gandu,hennu

ಮೊದಲನೆಯದು ಪ್ರೋಗ್ರಾಮಿನ ಹೆಸರು. ಅಡ್ಡಗೆರೆಯ ಪಕ್ಕದ ಅಕ್ಷರ ಪಟ್ಟಿಯದು: ಇದರ ಮುಂದೆ ಬರುವುದು ಪಟ್ಟಿ, ಗಮನವಿಟ್ಟು ಓದು ಎಂದು ಪ್ರೋಗ್ರಾಮಿಗೆ ಹೇಳುವ ಗುರುತು. ಆಮೇಲೆ ಹಾಡಿನ ಕಂತೆಗಳ ಹೆಸರು, ನಡುವೆ ಒಂದು ಅಲ್ಪವಿರಾಮ. ಒಂದು ಕಂತೆ ಗಂಡಿನ ಕಡೆಯದು, ಇನ್ನೊಂದು ಹೆಣ್ಣಿನ ಕಡೆಯದು. ಹೀಗೆ ಕೊಟ್ಟರೆ ಪ್ರೋಗ್ರಾಂ ಆ ಕಂತೆಯಿಂದ ಒಂದು, ಈ ಕಂತೆಯಿಂದ ಒಂದು ಹಾಡನ್ನು ಸರದಿಯ ಮೇಲೆ ಹಾಕುತ್ತದೆ. ಮಾವ ಅಲ್ಪವಿರಾಮವನ್ನು 'ಬಾಲದ ಚುಕ್ಕಿ' ಎಂದು ಕರೆದರು. "ಬಾಲದ ಚುಕ್ಕಿ ಆಕಿದ್ರೆ ಇಬ್ರೂ ಬತ್ತಾರೆ, ಅಷ್ಟೇ ತಾನೆ?" ಎಂದು ಕೇಳಿದರು. ಅಷ್ಟೇ ಎಂದೆ.

ಸರದಿ ಯಾಕೆ ಎಂದು ಹೇಳಬೇಕು. ನಮ್ಮ ಕಡೆ ಮದುವೆಯ ಊಟದಲ್ಲಿ ಬೀಗರನ್ನು ಹಾಡಿನಲ್ಲಿ ಕಿಚಾಯಿಸುವ ಪದ್ಧತಿ ಇತ್ತು. ಗಂಡಿನ ಕಡೆಯವರದು ಒಂದು ಪಂಕ್ತಿ, ಹೆಣ್ಣಿನ ಕಡೆಯವರದು ಎದುರಿನ ಪಂಕ್ತಿ. ಈ ಪಂಕ್ತಿಯ ಹೆಂಗಸರು ಆ ಪಂಕ್ತಿಯ ಬೀಗಿತ್ತಿಯ ಮೂಗು, ನಡಿಗೆ, ಜಿಪುಣತನ ಎಲ್ಲವನ್ನೂ ಹಾಡಿಗೆ ಎಳೆಯುತ್ತಿದ್ದರು. ಅನ್ನಿಸಿಕೊಂಡವರು ಅನ್ನ ಕಲಸುತ್ತ ಸುಮ್ಮನೆ ಕೇಳಿಸಿಕೊಂಡು, ತಮ್ಮ ಸರದಿ ಬಂದಾಗ ತಿರುಗಿಸಿ ಕೊಡುತ್ತಿದ್ದರು. ಒಂದಕ್ಕೆ ಒಂದು. ಅನ್ನಿಸಿಕೊಂಡು ತಿರುಗಿಸಿ ಕೊಡದೆ ಹೋದರೆ ಅದು ಅವಮಾನ. ತಿರುಗಿಸಿ ಕೊಡಲು ಎಡೆ ಸಿಗದಿದ್ದರೆ ಅದು ಜಗಳ. ಬಾಯಲ್ಲಿ ಒಬ್ಬಟ್ಟು ಇಟ್ಟುಕೊಂಡು ಹಾಡುವ ಕಷ್ಟ ಯಾರಿಗೂ ಬೇಡ, ಮೊದಲೇ ಹಾಡಿಸಿ ಪೆಟ್ಟಿಗೆಗೆ ತುಂಬಿಬಿಡೋಣ ಎಂಬುದು ಮಾವನ ಉಪಾಯ.

ಆ ಉಪಾಯದ ಮೇಲೆ ಮಾವನಿಗೆ ದೊಡ್ಡ ಆಸೆ ಇತ್ತು. ಊರಿನಲ್ಲಿ ಎತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ತಂದ ಹುಡುಗರು ಅವರ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕರೆದೊಯ್ಯುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಮರ ಹತ್ತಲು ಮಾವನ ಮಂಡಿ ಒಪ್ಪುತ್ತಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಒಂದು ಹುಣಸೆ ಮರದ ಅರ್ಧಕ್ಕೆ ಹೋಗಿ, ಮೇಲಕ್ಕೂ ಹೋಗಲಾಗದೆ ಕೆಳಕ್ಕೂ ಬರಲಾಗದೆ ಕೂತಿದ್ದನ್ನು ನಾನೇ ನೋಡಿದ್ದೆ. ನಂಜನಗೂಡಿನಲ್ಲಿ ಹೊಸದಾಗಿ ಒಂದು ಮದುವೆ ಛತ್ರ ಆಗಿತ್ತು. ಅಲ್ಲಿ ಮರ ಇಲ್ಲ. ಗೋಡೆಯಲ್ಲೇ ಸ್ಪೀಕರ್ ಇಡುವ ಗೂಡು, ಮೈಕಿನವರಿಗೆ ಎಂದೇ ಒಂದು ಕೋಣೆ. ಆ ಕೋಣೆಯ ಕೀಲಿ ಸಿಕ್ಕಿದವರಿಗೆ ಛತ್ರದ ಎಲ್ಲ ಮದುವೆಯೂ ಸಿಕ್ಕಿದ ಹಾಗೆ. ಮೊದಲಿದ್ದ ಮೈಕಿನವನು ಒಂದು ಮದುವೆಯಲ್ಲಿ ಒಂದು ಕಡೆಯ ಹಾಡಿಗೆ ಮಾತ್ರ ಸೌಂಡು ಜಾಸ್ತಿ ಕೊಟ್ಟು, ಸಾರಿನ ಬಕೆಟ್ಟು ಉರುಳುವವರೆಗೆ ಜಗಳವಾಗಿ, ಮ್ಯಾನೇಜರು ಅವನನ್ನು ಕಳಿಸಿದ್ದರು.

ಮ್ಯಾನೇಜರು ಸಣಕಲು ಮನುಷ್ಯ, ಸೊಂಟದಲ್ಲಿ ಸದಾ ಕೀಲಿ ಗೊಂಚಲು. ಅವರು ಮಾವನಿಗೆ ಹೇಳಿದ್ದು ನನ್ನ ಎದುರಿಗೇ. "ನೋಡಪ್ಪ, ಮುಂದಿನ ವಾರ ಒಂದು ಮದುವೆ ಅದೆ. ಎಣ್ಣು ಮೂಗೂರಿಂದು, ಗಂಡು ತಾಂಡವಪುರದ್ದು. ಎರಡೂ ಕಡೆ ಬಾಯಿ ಜೋರು. ಊಟ ಮುಗ್ದ ಮೇಲೆ ಇಬ್ರು ಬೀಗಿತ್ತೀರ್ನೂ ನಾನೇ ಕೇಳ್ತೀನಿ. ದೂರಿಲ್ಲ ಅಂದ್ರೆ ಕೀಲಿ ನಿಂದು. ಒಬ್ರು ದೂರು ಯೋಳುದ್ರೂ, ನಿನ್ ವೈರು ನೀನೇ ಸುತ್ಕೊಂಡು ಓಗ್ತಾ ಇರು."

"ದೂರು ಎಲ್ಲಿಂದ ಬತ್ತದೆ ಸಾ? ಕಂಪ್ಯೂಟರ್‌ಗೆ ನೆಂಟ್ರಿದ್ದಾರಾ? ಅದಕ್ಕೆ ಎಲ್ರೂ ಒಂದೇ" ಎಂದರು ಮಾವ.

ಮದುವೆಗೆ ಮುಂಚೆ ಎರಡೂ ಕಡೆಯ ಹೆಂಗಸರು ಬೇರೆ ಬೇರೆ ದಿನ ನಮ್ಮ ಸೆಂಟರಿಗೆ ಬಂದು ಹಾಡಿ ಹೋದರು. ಮಾವನ ಮೈಕನ್ನು ಕಂಪ್ಯೂಟರಿನ ಹಿಂದಿನ ತೂತಿಗೆ ಸಿಕ್ಕಿಸಿ ನಾನೇ ಹಾಡುಗಳನ್ನು ಒಳಗೆ ತೆಗೆದುಕೊಂಡೆ. ಹೀಗಾಗಿ ಎರಡೂ ಕಡೆಯ ಬೈಗುಳ ಪೂರ್ತಿ ಕೇಳಿದವಳು ನಾನೊಬ್ಬಳೇ. ಮೊದಲು ಬಂದವರು ಮೂಗೂರಿನವರು. ಹುಡುಗಿಯ ತಾಯಿ ಕುಳ್ಳಗೆ, ಮಾತು ಮೆತ್ತಗೆ. ಯಾರಿಗೋ ಆರತಿ ಎತ್ತುವ ಹಾಗೆ ಕಣ್ಣು ಅರೆ ಮುಚ್ಚಿಕೊಂಡು, ಕೇಳಿದವರ ಕಿವಿ ಕೆಂಪಾಗುವ ಸಾಲುಗಳನ್ನು ಹಾಡಿದರು. ಎರಡು ದಿನ ಬಿಟ್ಟು ತಾಂಡವಪುರದವರು ಬಂದರು. ಹುಡುಗನ ತಾಯಿ ಎತ್ತರದ ಆಳು, ಮೆಟ್ಟಿಲು ಹತ್ತುವಾಗಲೇ ಅವರ ದನಿ ಒಳಗೆ ಬಂದಿತ್ತು.

"ಮೂಗೂರವ್ರು ಬಂದಿದ್ರಾ ಕೂಸೇ?"

"ಬಂದಿದ್ದರು."

"ಎಂಗಾಡುದ್ರು?"

"ಚೆನ್ನಾಗಿ ಹಾಡಿದರು."

"ಅದಲ್ಲ ಕಣವ್ವ. ಏನಂತ ಆಡುದ್ರು?"

"ಅದನ್ನು ಹೇಳುವ ಹಾಗಿಲ್ಲ ಅಮ್ಮ."

"ನನ್ ಮೂಗಿನ ಸುದ್ದಿ ತೆಗುದ್ರಾ? ಅಷ್ಟು ಯೋಳು ಸಾಕು."

ನಾನು ಯೋಚಿಸಿದೆ. ಮೂಗಿನ ಸುದ್ದಿ ಅವರು ತೆಗೆದಿರಲಿಲ್ಲ. ಆದರೆ ಮೂಗಿಗೆ ಇಲ್ಲ ಎಂದರೆ ಈಕೆ ಮುಂದೆ ಹಲ್ಲು ಕೇಳುತ್ತಾರೆ, ಆಮೇಲೆ ನಡಿಗೆ ಕೇಳುತ್ತಾರೆ. ನಾನು ಎಲ್ಲಿ ತಡೆಯುತ್ತೇನೋ ಅಲ್ಲಿ ಸಿಕ್ಕಿಬೀಳುತ್ತೇನೆ. ಆದ್ದರಿಂದ ಮೂಗಿಗೇ ಸುಮ್ಮನಾದೆ.

"ಸರಿ, ತೆಗುದವ್ರೆ" ಎಂದು ಅವರು ತೀರ್ಮಾನಿಸಿದರು. ಹಿಂದಿದ್ದ ಹೆಂಗಸರ ಕಡೆ ತಿರುಗಿ, "ಕೇಳುದ್ರೇನ್ರೇ? ಮೂಗಿಗೆ ಕೈ ಆಕವ್ರೆ. ಇನ್ನೊಂದು ಜಾಸ್ತಿ ಆಡುವ. ಒತ್ತು ಕೂಸೇ ಗುಂಡಿಯ" ಎಂದರು.

ಇನ್ನು ಮದುವೆಯ ದಿನ. ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಕಾಣದೆ ಕೇಳಿದ್ದನ್ನು, ಕೇಳಿದ್ದು ಎಂದೇ ಹೇಳುತ್ತೇನೆ.

ಊಟದ ಹಾಲಿನ ಒಂದು ಮೂಲೆಯಲ್ಲಿ ಮೇಜು ಹಾಕಿ, ಬಿಳಿ ಪಂಚೆ ಹಾಸಿ, ಕಂಪ್ಯೂಟರನ್ನು ಕೂರಿಸಿದ್ದೆವು. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಮಾವ ಅಪ್ಪಣೆಯನ್ನು ಮೊದಲೇ ಬರೆದಿಟ್ಟು, ಊಟದ ಹೊತ್ತಿಗೆ ಒಂದೇ ಒಂದು ಕೀ ಒತ್ತಿದರೆ ಸಾಕು ಎನ್ನುವಂತೆ ಮಾಡಿಕೊಳ್ಳುತ್ತಿದ್ದರು. ಅವರು gandu ಎಂದು ಬರೆದು, ಬಾಲದ ಚುಕ್ಕಿ ಹಾಕಿ, hennu ಎಂದು ಬರೆಯುವವರೆಗೆ ನಾನು ಪಕ್ಕದಲ್ಲೇ ಇದ್ದೆ. ಆಗ ಹುಡುಗಿಯ ತಾಯಿ ಹೇಳಿಕಳಿಸಿದರು. ಹೋದರೆ, ಅಲಂಕಾರದ ಕೋಣೆಯ ಬಾಗಿಲಲ್ಲಿ ನಿಂತು, "ನಮ್ ಆಡು ಬರುವಾಗ ಸೌಂಡು ಒಂದೊಸಿ ಜಾಸ್ತಿ ಕೊಡವ್ವ, ನಿನ್ಗೂ ಒಂದು ಜಾಕೀಟು ಬಟ್ಟೆ ಇಟ್ಟಿವ್ನಿ" ಎಂದರು. ರವಿಕೆ ಬಟ್ಟೆಯೂ ಬೇಡ, ಸೌಂಡು ಜಾಸ್ತಿಯೂ ಆಗದು ಎಂದು ಹೇಳಿ ಬರಲು ನನಗೆ ಸ್ವಲ್ಪ ಸಮಯ ಹಿಡಿಯಿತು.

ಅಷ್ಟರಲ್ಲಿ ಮೇಜಿನ ಹತ್ತಿರ ನಡೆದದ್ದನ್ನು ಆಮೇಲೆ ಮಾವನೂ ಹೇಳಿದರು, ಹುಡುಗನ ಸೋದರಮಾವನೂ ಹೇಳಿದರು. ಇಬ್ಬರ ಮಾತೂ ಹೊಂದುತ್ತಿದ್ದುದರಿಂದ ನಿಜವೆಂದು ನಂಬಿದ್ದೇನೆ. ಹುಡುಗನ ಸೋದರಮಾವ ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತರಾದವರು. ಬರೆದದ್ದು ಎಲ್ಲಿ ಕಂಡರೂ ಓದಿ ತಪ್ಪು ಹಿಡಿಯುವುದು ಅವರಿಗೆ ಅಭ್ಯಾಸ. ಮಾವನ ಹೆಗಲ ಹಿಂದೆ ನಿಂತು ಪರದೆಯನ್ನು ಓದಿದರು.

"ಏನ್ರೀ ಇದು? ನಮ್ಮುನ್ನೂ ಅವರ್ನೂ ಒಂದಕ್ಕೊಂದು ಅಂಟ್ಸ್ಬುಟ್ಟಿದ್ದೀರಿ?"

"ನಡುವೆ ಬಾಲದ ಚುಕ್ಕಿ ಅದೆ ಸಾ. ಗೋಡೆ ಇದ್ದಂಗೆ ಅದು."

"ಗೋಡೆ ಎಲ್ರೀ? ಸಾಸಿವೆ ಕಾಳು ಇದ್ದಂಗದೆ. ಇನ್ನೂ ತಾಳಿ ಕಟ್ಟಿಲ್ಲ, ಆಗ್ಲೇ ಇಬ್ರುನ್ನೂ ಒಂದೇ ಎಲೇಲಿ ಕೂರ್ಸ್ಬುಟ್ರಾ? ನಮ್ ಅಕ್ಕ ನೋಡುದ್ರೆ ಬುಟ್ಟಾಳಾ? ಗಂಡಿನವ್ರಿಗೆ ಬ್ಯಾರೆ ಆಕ್ರಿ. ಮೊದ್ಲು ನಮ್ದು, ಆಮ್ಯಾಕೆ ಅವರ್ದು."

ಮಾವನಿಗೆ ಇದು ನ್ಯಾಯವಾಗಿಯೇ ಕಂಡಿತು. ಎರಡು ಪಂಕ್ತಿಗೆ ಎರಡು ಸಾಲು ಎಲೆ ಹಾಕುವವರು ಪಟ್ಟಿ ಮಾತ್ರ ಒಂದೇ ಕೊಡುವುದೇ? ಬರೆದದ್ದನ್ನು ಅಳಿಸಿ, ಒಬ್ಬೊಬ್ಬರಿಗೂ ಒಂದೊಂದು ಗುರುತು ಕೊಟ್ಟು ಬರೆದರು:

haadu -p gandu -p hennu

ಈ ಪ್ರೋಗ್ರಾಂ ಪಟ್ಟಿಯ ಗುರುತನ್ನು ಕಂಡಾಗಲೆಲ್ಲ ಕೈಯಲ್ಲಿ ಹಿಡಿದ ಪಟ್ಟಿಯನ್ನು ಕೆಳಗೆ ಬಿಸಾಡಿ ಹೊಸ ಪಟ್ಟಿಯನ್ನು ಎತ್ತಿಕೊಳ್ಳುತ್ತಿತ್ತು. ಯಾರಾದರೂ ತಪ್ಪು ಬರೆದರೆ ಅಳಿಸುವ ಕಷ್ಟವಿಲ್ಲದೆ ಕೊನೆಯಲ್ಲಿ ಸರಿಯಾದದ್ದು ಬರೆದರಾಯಿತು ಎಂದು ಹಾಗಿಟ್ಟಿದ್ದೆ. ಎರಡು ಸಲ ಬಂದರೆ ಕೊನೆಯ ಮಾತೇ ಮಾತು. ಹೀಗೆ, ಮೊದಲ ಮರ್ಯಾದೆ ಬೇಕೆಂದು ಹಟ ಹಿಡಿದು ಮುಂದೆ ನಿಂತವರೇ ಪಟ್ಟಿಯಿಂದ ಹೊರಗೆ ಬಿದ್ದರು. ಪರದೆ ಏನನ್ನೂ ಹೇಳಲಿಲ್ಲ. ಕಂಡಕ್ಟರು "ಈಗ ಸರಿ ಓಯ್ತು" ಎಂದು ಮಾವನ ಬೆನ್ನು ತಟ್ಟಿ ಹೋದರು.

ತಾಳಿ ಕಟ್ಟಿದ್ದಾಯಿತು. ಮೊದಲ ಪಂಕ್ತಿಯಲ್ಲಿ ಬೀಗರು ಎದುರು ಬದುರು ಕೂತರು. ಮಾವ, "ನೀನೂ ಉಣ್ಣೋಗು ಕೂಸೇ, ಇದಕ್ಕೆ ನಾನೊಬ್ನೇ ಸಾಕು" ಎಂದು ನನ್ನನ್ನು ಹೆಣ್ಣಿನವರ ಸಾಲಿನ ತುದಿಯಲ್ಲಿ ಕೂರಿಸಿದರು. ಉಪ್ಪು, ಕೋಸಂಬರಿ, ಪಲ್ಯ ಬಂದವು. ಒಬ್ಬಟ್ಟು ಬಂತು. ಮಾವ ಕೀ ಒತ್ತಿದರು. ಹುಡುಗಿಯ ತಾಯಿಯ ಮೆತ್ತನೆಯ ದನಿ ಗೋಡೆಯ ಗೂಡುಗಳಿಂದ ದೊಡ್ಡದಾಗಿ ಬಂತು:

"ತಾಂಡವಪುರದ ಬೀಗಿತ್ತಿ ಬಸ್ಸಿಂದ ಇಳುದ್ಲು,
ಇಳಿಯೋಕೆ ಮುಂಚೇನೆ ಎಲೆ ಎಲ್ಲಿ ಅಂದ್ಲು."

ಹಾಲ್ ಪೂರಾ ನಕ್ಕಿತು. ಹುಡುಗನ ತಾಯಿಯೂ ನಕ್ಕರು. "ಮೊದ್ಲು ಅವರ್ಗೇ ಬುಟ್ಟವ್ರೆ, ಇರ್ಲಿ ಬುಡಿ, ಎಣ್ಣು ಕೊಟ್ಟವ್ರು" ಎಂದು ಪಕ್ಕದವರಿಗೆ ಹೇಳಿ, ಬರಲಿರುವ ತಮ್ಮ ಹಾಡಿಗೆ ಸಿದ್ಧರಾಗಿ ಸೆರಗು ಸರಿಮಾಡಿಕೊಂಡು ಕೂತರು. ನಾನು ಮಾತ್ರ ಕೋಸಂಬರಿ ಬಿಟ್ಟು ಮಾವನ ಮೇಜಿನ ಕಡೆ ಕತ್ತು ಚಾಚಿದೆ. ಅಪ್ಪಣೆಯಲ್ಲಿ ಗಂಡಿನವರು ಮೊದಲು ಇದ್ದರು. ಮೊದಲ ಹಾಡು ಅವರದೇ ಬರಬೇಕಿತ್ತು. ಎರಡನೆಯದು ಬಂತು:

"ಉದ್ದನೆ ಸೆರಗಿನ ಬೀಗಿತ್ತಿ ನೋಡಿ,
ಸೆರಗಿನ ಗಂಟಲ್ಲಿ ಒಬ್ಬಟ್ಟು ಜೋಡಿ."

ನಗು ಈ ಸಲ ಒಂದೇ ಕಡೆಯಿಂದ ಬಂತು. ಹುಡುಗನ ತಾಯಿ ಸೆರಗಿನಿಂದ ಕೈ ತೆಗೆದರು. ನನಗೆ ಏನೋ ಕೆಟ್ಟಿದೆ ಎಂದು ಗೊತ್ತಾಯಿತು. ಆದರೆ ಪಂಕ್ತಿಯಲ್ಲಿ ಕೂತ ಮೇಲೆ ಎಲ್ಲರೂ ಏಳುವ ಮೊದಲು ಒಬ್ಬರು ಏಳುವ ಹಾಗಿಲ್ಲ. ಅದೂ ಬೀಗರ ಪಂಕ್ತಿ. ಎಂಜಲು ಕೈ ಎಲೆಯ ಮೇಲಿಟ್ಟು, ಎಡಗೈಯಿಂದ ಮಾವನಿಗೆ ನಿಲ್ಲಿಸಿ ಎಂದು ಸನ್ನೆ ಮಾಡಿದೆ. ಮಾವ ನೋಡಿದರು. ತಲೆಯಾಡಿಸಿದರು. ಬಡಿಸುವವನನ್ನು ಕರೆದು ನನ್ನ ಕಡೆ ತೋರಿಸಿದರು. ಅವನು ಬಂದು ನನ್ನ ಒಬ್ಬಟ್ಟಿನ ಮೇಲೆ ತುಪ್ಪ ಸುರಿದ. ಇನ್ನೊಮ್ಮೆ ಜೋರಾಗಿ ಕೈ ಆಡಿಸಿದೆ. ಅವನು ಇನ್ನಷ್ಟು ಸುರಿದ.

ಮೂರನೆಯ ಹಾಡಿನಲ್ಲಿ ಮೂಗೂರಿನವರು ಹುಡುಗನ ತಂದೆಯನ್ನೂ ಎಳೆದಿದ್ದರು:

"ಮಾವಯ್ಯ ಮಾತಾಡೋ ಅಂಗಿಲ್ಲ ಮನೇಲಿ,
ಬೀಗಿತ್ತಿ ಕೆಮ್ಮುದ್ರೆ ನಿಂತವನೆ ಮೂಲೇಲಿ."

ಹುಡುಗನ ತಂದೆ, ಪಾಪ, ಬಂದವರನ್ನು ವಿಚಾರಿಸಿಕೊಳ್ಳಲು ಎಂದು ಊಟಕ್ಕೆ ಕೂರದೆ, ಕೈ ತೊಳೆಯುವ ತೊಟ್ಟಿಯ ಪಕ್ಕದ ಮೂಲೆಯಲ್ಲೇ ನಿಂತಿದ್ದರು. ಎಲ್ಲರೂ ಅತ್ತ ತಿರುಗಿದರು. ಅವರು ಮೂಲೆಯಿಂದ ಈಚೆ ಬರಲು ಒಂದು ಹೆಜ್ಜೆ ಇಟ್ಟರು. ಅದೇ ಹೊತ್ತಿಗೆ ಹುಡುಗನ ತಾಯಿಗೆ ನಿಜವಾಗಿಯೂ ಕೆಮ್ಮು ಬಂತು. ಹುಡುಗನ ತಂದೆ ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದರು.

ಆ ನಗುವನ್ನು ನಾನು ಬಣ್ಣಿಸಲಾರೆ. ನಾಲ್ಕನೆಯ ಹಾಡು, ಅದೂ ಮೂಗೂರಿನವರದೇ, ಶುರುವಾಗುತ್ತಿದ್ದಂತೆ ಹುಡುಗನ ತಾಯಿ ಎಲೆಯ ಮುಂದಿನಿಂದ ಎದ್ದರು. ಎಲೆ ಮಡಚಲಿಲ್ಲ. ಪಾಯಸ ಮುಟ್ಟಿರಲಿಲ್ಲ. ಅವರ ಹಿಂದೆ ಗಂಡಿನವರ ಸಾಲು ಉಣ್ಣುವುದನ್ನು ನಿಲ್ಲಿಸಿ ಕೈ ಮಡಿಸಿ ಕೂತಿತು. ಬೀಗಿತ್ತಿ ಅರ್ಧ ಊಟದಲ್ಲಿ ಎದ್ದುಹೋದ ಮದುವೆಯ ಸುದ್ದಿ ಎಷ್ಟು ಕಾಲ ಊರಿನಲ್ಲಿ ಇರುತ್ತದೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅಡುಗೆ ಮನೆಯ ಬಾಗಿಲಲ್ಲಿ ಮ್ಯಾನೇಜರು ಕಾಣಿಸಿಕೊಂಡರು.

ಒಬ್ಬರು ಎದ್ದಾಯಿತಲ್ಲ, ನಾನೂ ಎದ್ದೆ. ತುಪ್ಪದ ಕೈಯಲ್ಲೇ ಓಡಿ ಪರದೆ ನೋಡಿದೆ. ಪಟ್ಟಿಯ ಗುರುತು ಎರಡು ಸಲ ಇತ್ತು.

"ಮಾವ, ಬಾಲದ ಚುಕ್ಕಿ ಎಲ್ಲಿ?"

"ತೆಗ್ದಾಕ್ದೆ. ಇಬ್ರಿಗೂ ಬ್ಯಾರೆ ಬ್ಯಾರೆ ಮರ್ವಾದೆ ಕೊಟ್ಟಿವ್ನಿ."

"ಹಾಗೆ ಬರೆದರೆ ಅದು ಕೊನೆಯವರನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಗಂಡಿನವರ ಪಟ್ಟಿಯನ್ನು ಬಿಸಾಕಿಬಿಟ್ಟಿದೆ."

"ಬಿಸಾಕ್ಬುಟ್ಟದಾ?" ಮಾವ ಪೆಟ್ಟಿಗೆಯನ್ನು, ಸಾಕಿದ ನಾಯಿ ನೆಂಟರನ್ನು ಕಚ್ಚಿದಾಗ ನೋಡುವ ಹಾಗೆ ನೋಡಿದರು. "ಗಂಡಿನವ್ರುನ್ನ?"

ಹಾಡನ್ನು ನಡುವಿನಲ್ಲೇ ನಿಲ್ಲಿಸಿದೆ. ಸರಿಯಾದ ಅಪ್ಪಣೆ ಬರೆದು ಮತ್ತೆ ಶುರು ಮಾಡಬಹುದಿತ್ತು; ಆದರೆ ಆಗ ಮೂಗೂರಿನ ಹಾಡುಗಳೂ ಮೊದಲಿನಿಂದ ಬರುತ್ತಿದ್ದವು. ಬರೀ ಗಂಡಿನವರದು ಹಾಕಿದರೆ ಹೆಣ್ಣಿನವರು ಏಳುತ್ತಿದ್ದರು. ಯಾವುದು ಬರೆದರೂ ಒಂದು ಪಂಕ್ತಿ ಕೆಡುವ ಹಾಗಿತ್ತು. ನಾನು ಬೆರಳು ಎತ್ತಿಕೊಂಡೇ ನಿಂತೆ.

ಅಷ್ಟರಲ್ಲಿ ಹುಡುಗಿಯ ತಾಯಿ ತಮ್ಮ ಎಲೆಯ ಮುಂದಿನಿಂದ, ಅದೇ ಮೆತ್ತಗಿನ ದನಿಯಲ್ಲಿ, ಯಾರಿಗೋ ಹೇಳಿದಂತೆ ಹೇಳಿದರು. "ಪೆಟ್ಟಿಗೇಲಿ ಇದ್ರೆ ತಾನೇ ಬರೋದು? ಅವ್ರು ಆಡೇ ಇಲ್ವೇನೋ, ಪಾಪ. ಬಸ್ಸಲ್ಲಿ ಬಂದು, ಕಾಪಿ ಕುಡ್ದು ಓಗಿದ್ದಾರೇನೋ."

"ನಾವಾ? ಆಡಿಲ್ವಾ?" ಹುಡುಗನ ತಾಯಿ ಬಾಗಿಲವರೆಗೆ ಹೋಗಿದ್ದವರು ತಿರುಗಿದರು. ಅವರ ಕಣ್ಣು ಹಾಲಿನ ತುಂಬ ಹುಡುಕಿ ನನ್ನ ಮೇಲೆ ನಿಂತಿತು. "ಯೋಳು ಕೂಸೇ. ನಾವು ಆಡಿದ್ವಾ, ಇಲ್ವಾ?"

ಎರಡೂ ಪಂಕ್ತಿ ನನ್ನನ್ನೇ ನೋಡುತ್ತಿತ್ತು. "ಹಾಡಿದ್ದಾರೆ. ನಾನೇ ಕೇಳಿದ್ದೇನೆ" ಎಂದೆ.

"ಏನಂತ ಆಡವ್ರೆ?" ಎಂದರು ಹುಡುಗಿಯ ತಾಯಿ. "ಕೇಳಿದ್ರೆ ಯೋಳವ್ವ. ಯೋಳ್ನಿಲ್ಲ ಅಂದ್ರೆ ಸುಳ್ಳು ಅಂತ್ಲೇ ಲೆಕ್ಕ."

ಅಲ್ಲಿಯವರೆಗೆ ಯಾರ ಹಾಡನ್ನೂ ಯಾರಿಗೂ ಹೇಳಿರಲಿಲ್ಲ. ಆದರೆ ಈಗ ಹೇಳದಿದ್ದರೆ ನಿಜವಾಗಿ ಹಾಡಿದವರು ಸುಳ್ಳರಾಗುತ್ತಿದ್ದರು. ನನಗೆ ರಾಗ ಬರುವುದಿಲ್ಲ. ಕೈ ಹಿಂದೆ ಕಟ್ಟಿಕೊಂಡು, ಕೋರ್ಟಿನಲ್ಲಿ ಸಾಕ್ಷಿ ನುಡಿಯುವವರ ಹಾಗೆ, ಒಂದಕ್ಷರ ಬಿಡದೆ ಒಪ್ಪಿಸಿದೆ:

"ಮೂಗೂರ ಬೀಗಿತ್ತಿ ಒಡವೆ ಯಾರ್ಯಾರ್ದು? ಮೂಗುತಿ ಅವಳ್ದು, ಮಿಕ್ಕಿದ್ದು ನಾದ್ನೀದು."

ಹುಡುಗಿಯ ತಾಯಿಯ ಕೈ ತಾನಾಗಿಯೇ ಕೊರಳಿನ ಸರಕ್ಕೆ ಹೋಯಿತು. ಅವರ ಪಕ್ಕದ ಎಲೆಯಲ್ಲಿ ಅವರ ನಾದಿನಿ ಕೂತಿದ್ದರು. ಆಕೆ ತಲೆ ತಗ್ಗಿಸಿದರು, ಬಾಯಿಗೆ ಸೆರಗು ಒತ್ತಿಕೊಂಡರು, ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ಸೆರಗು ಜಾರಿದಾಗ ಗೊತ್ತಾಯಿತು, ನಗು ತಡೆಯಲಾಗದೆ ಅವರ ಕಣ್ಣಲ್ಲಿ ನೀರು. "ಅತ್ಗೆ, ಸರ ಒಂದೇ ಕಣತ್ಗೆ ನಂದು! ಬಳೆ ನಿಮ್ದೇ ಅಂತ ಯೋಳಿ!" ಎಂದರು. ಆಮೇಲೆ ಹೆಣ್ಣಿನವರ ಸಾಲನ್ನು ಯಾರೂ ಹಿಡಿಯಲಾಗಲಿಲ್ಲ.

ಗಂಡಿನವರು ಮಾತ್ರ ನಗಲಿಲ್ಲ. ಹುಡುಗನ ತಾಯಿ ನಗದೆ ಅವರು ನಗುವ ಹಾಗಿರಲಿಲ್ಲ. ಆಕೆ ದಾಪುಗಾಲು ಹಾಕಿ ನನ್ನ ಹತ್ತಿರ ಬಂದರು.

"ಥೂ, ಅಂಗಾ ಯೋಳೋದು? ರಾಗ ಎಲ್ಲಿ? ರೇಷನ್ ಅಂಗಡೀಲಿ ಎಸ್ರು ಕೂಗ್ದಂಗೆ ಕೂಗ್ಬುಟ್ಟಲ್ಲ! ಕೊಡಿಲ್ಲಿ ಮೈಕ."

ಮಾವ ಮೈಕ್ ಕೊಟ್ಟರು. ಅವರು ಅದೇ ಸಾಲನ್ನು ರಾಗವಾಗಿ ಎಳೆದು, ನಾದಿನಿ ಎಂಬ ಮಾತಿನ ಹತ್ತಿರ ನಿಲ್ಲಿಸಿ, ಎದುರಿನ ಸಾಲಿನ ಒಬ್ಬೊಬ್ಬರ ಕೊರಳನ್ನೂ ಕಣ್ಣಲ್ಲೇ ತಡವಿ ಮುಗಿಸಿದರು. ಅದರ ಹಿಂದೆಯೇ, ಪೆಟ್ಟಿಗೆಯಲ್ಲಿ ಇಲ್ಲದ ಒಂದು ಹೊಸದನ್ನು ಅಲ್ಲೇ ಕಟ್ಟಿದರು:

"ಬಾಯಿಲ್ದ ಬೀಗ್ರಿಗೆ ಪೆಟ್ಟಿಗೇನೆ ಬಾಯಿ,
ಕರೆಂಟು ಓದಾಗ ಮಾತಾಡು ತಾಯಿ."

ಈಗ ಗಂಡಿನವರ ಸಾಲಿನ ಮಡಿಸಿದ ಕೈಗಳು ಬಿಚ್ಚಿದವು. ಮೂಗೂರಿನವರಿಗೆ ಕಷ್ಟಕ್ಕೆ ಬಂತು. ಅವರ ಒಳ್ಳೆಯ ಸಾಲುಗಳೆಲ್ಲ ಪೆಟ್ಟಿಗೆಯಿಂದ ಬಂದು ಖರ್ಚಾಗಿದ್ದವು. ಹಾಡಿದ್ದನ್ನೇ ಹಾಡಿದರೆ ಮರ್ಯಾದೆ ಇಲ್ಲ. ಹುಡುಗಿಯ ತಾಯಿ ಎಲೆ ಬಿಟ್ಟು ಏಳಲಿಲ್ಲ. ಮೈಕಿನ ವೈರು ಅಲ್ಲಿಯವರೆಗೆ ಬರುವಷ್ಟು ಉದ್ದವಿರಲಿಲ್ಲ. ಅವರು ಪಾಯಸದ ದೊನ್ನೆಯನ್ನು ನೋಡುತ್ತ ಒಂದು ಗಳಿಗೆ ಯೋಚಿಸಿ, ಬರೀ ಬಾಯಲ್ಲೇ ಶುರು ಮಾಡಿದರು. ಅಷ್ಟು ಮೆತ್ತಗಿನ ದನಿ ಹಾಲಿನ ತುದಿಗೆ ಮುಟ್ಟಬೇಕಾದರೆ ಎಲ್ಲರೂ ಬಾಯಿ ಮುಚ್ಚಬೇಕಾಯಿತು:

"ಎದ್ದೋದ ಬೀಗಿತ್ತಿ ಎಲ್ಲೋದ್ಲು ಅಮ್ಮ?
ಪಾಯಸ ತಣ್ಗಾಯ್ತು, ಬಂದುಣ್ಣಿ ಸುಮ್ನ."

"ಬಂದೆ ಕಣವ್ವ, ಬಂದೆ. ನಿನ್ ಪಾಯ್ಸುಕ್ಕೆ ಬೆಲ್ಲ ಆಕಿದ್ಯೋ ಇಲ್ವೋ ನೋಡ್ಬೇಕಲ್ಲ" ಎಂದು ಹುಡುಗನ ತಾಯಿ ಮೈಕಿನಲ್ಲೇ ಹೇಳಿದರು. ಹೋಗಿ ಎಲೆಯ ಮುಂದೆ ಕೂತರು.

ಆ ಮೇಲೆ ಆ ಪಂಕ್ತಿ ಏಳಲಿಕ್ಕೇ ಒಪ್ಪಲಿಲ್ಲ. ಆಚೆಯಿಂದ ಒಂದು, ಈಚೆಯಿಂದ ಒಂದು. ಎರಡನೆಯ ಪಂಕ್ತಿಯವರು ಬಾಗಿಲಲ್ಲಿ ನಿಂತು, ಹಸಿವು ಮರೆತು, ಯಾರ ಕಡೆ ಸೇರುವುದೆಂದು ಜಗಳವಾಡುತ್ತಿದ್ದರು. ಕಂಡಕ್ಟರು ಪಂಕ್ತಿಯ ನಡುವೆ ಓಡಾಡುತ್ತ, "ಈಗ ಇತ್ಲಾಗೆ, ಇತ್ಲಾಗೆ! ಸರದಿ ತಪ್ಪುಸ್ಬೇಡಿ!" ಎಂದು ಸರದಿ ಕಾಯುತ್ತಿದ್ದರು. ನನ್ನ ಪ್ರೋಗ್ರಾಂ ಮಾಡಬೇಕಾಗಿದ್ದ ಕೆಲಸ ಅದೇ. ಕಪ್ಪು ಪರದೆ ತನ್ನ ಪಾಡಿಗೆ ಒಂದು ಬಿಳಿ ಗೆರೆಯನ್ನು ಮಿನುಗಿಸುತ್ತ ಮೂಲೆಯಲ್ಲಿ ಕೂತಿತ್ತು. ಮಾವ ಅದರ ಮುಂದೆ, ತಲೆಯ ಮೇಲೆ ಕೈ ಹೊತ್ತು. ಎಷ್ಟು ನಗು ಕೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ. ಒಮ್ಮೆ ಎದ್ದು ಹೋದವರು ದೂರು ಹೇಳದೆ ಬಿಡುತ್ತಾರೆಯೇ?

ಎಲೆ ಎತ್ತಿದ ಮೇಲೆ ಮ್ಯಾನೇಜರು ಬಂದರು. ಇಬ್ಬರು ಬೀಗಿತ್ತಿಯರೂ ಒಂದೇ ಬೆಂಚಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಮಾವನೂ ನಾನೂ ಸ್ವಲ್ಪ ದೂರದಲ್ಲಿ ನಿಂತೆವು.

"ಅಮ್ಮಾರೇ, ಮೈಕಿನವರ ಮೇಲೆ ಏನಾರ ದೂರು ಅದಾ?"

"ನಮ್ದೇನೂ ಇಲ್ಲಪ್ಪ" ಎಂದರು ಹುಡುಗಿಯ ತಾಯಿ.

ಹುಡುಗನ ತಾಯಿ ನಿಧಾನವಾಗಿ ಸುಣ್ಣ ಹಚ್ಚಿದರು. ಎಲೆ ಮಡಚಿದರು. ಮಾವ ನನ್ನ ತೋಳು ಹಿಡಿದುಕೊಂಡರು.

"ದೂರು ಅಲ್ಲ. ಆದ್ರೆ ನಾವು ಕಾಸು ಕೊಟ್ಟು ಬಸ್ಸತ್ತಿ ಬಂದು ಆಡಿದ್ದು ಅಷ್ಟೂ ಪೆಟ್ಟಿಗೇಲೇ ಕೊಳೀತಾ ಕೂತದೆ. ಒಂದಾದ್ರೂ ಈಚೆ ಬಂತಾ? ಅದೆಲ್ಲ ಈಚೆ ಬರ್ಬೇಕು. ನಮ್ಮೂರಲ್ಲಿ ಬೀಗರೂಟ ಅದೆ, ಅಲ್ಲಿಗೆ ಆ ಪೆಟ್ಟಿಗೆ ತಂದು, ಮೊದ್ಲಿಂದ ಕೊನೆಗಂಟ ನಮ್ದೇ ಆಕ್ಬೇಕು. ಇವಳು ಕೂತು ಕೇಳ್ಬೇಕು."

ಮ್ಯಾನೇಜರು ಕೀಲಿ ಗೊಂಚಲಿನ ಮೇಲೆ ಕೈ ಇಟ್ಟುಕೊಂಡೇ ಯೋಚಿಸಿದರು. "ಅಮ್ಮಾ, ಇದು ದೂರೋ, ಬುಕ್ಕಿಂಗೋ?"

"ಬುಕ್ಕಿಂಗು ಸಾ!" ಎಂದು ಮಾವ ಕೂಗಿದರು. "ಬುಕ್ಕಿಂಗು ಕಣಿ ಸಾ! ಅಡ್ವಾನ್ಸೂ ಬ್ಯಾಡ!"

"ನಿನ್ನ ಕೇಳ್ನಿಲ್ಲ ಕಣಯ್ಯ."

"ಬುಕ್ಕಿಂಗು ಅಂತ್ಲೇ ಬರ್ಕೊಳ್ಳಪ್ಪ" ಎಂದರು ಹುಡುಗನ ತಾಯಿ.

ಮ್ಯಾನೇಜರು ಗೊಂಚಲಿನಿಂದ ಒಂದು ಕೀಲಿ ಬಿಡಿಸಿ ಮಾವನ ಅಂಗೈಗೆ ಹಾಕಿದರು. ಮಾವ ಅದನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ನೋಡು ಕೂಸೇ, ಇನ್ ಮ್ಯಾಕೆ ಒಬ್ಬೊಬ್ರಿಗೆ ಒಂದೊಂದು ಪಟ್ಟಿ ಕೊಟ್ರೂ ಅದು ಎಲ್ಲಾನೂ ಮಡಿಕ್ಕಬೇಕು. ಯಾರ್ನೂ ಬಿಸಾಕ್ಬಾರ್ದು" ಎಂದರು.

"ಆಗಲಿ. ಎರಡು ಪಟ್ಟಿ ಬಂದರೆ ಮೊದಲ ಹಾಡು ಯಾರದು?"

ಮಾವ ಬೆಂಚಿನ ಕಡೆ ನೋಡಿ, ಬಗ್ಗಿ, ನನ್ನ ಕಿವಿಯಲ್ಲಿ ಹೇಳಿದರು. "ಊಟಕ್ಕೆ ಬಂದವ್ರು ಮೊದ್ಲು. ಊಟ ಆಕೋರು ಕೊನೇಲಿ. ಯಾವನ್ ಬಂದು ಇಂದೆ ನಿಂತ್ಕಂಡು ಏನ್ ಯೋಳುದ್ರೂ ಬದ್ಲಾಯಿಸ್ಬೇಡ."

"ಬೀಗರೂಟಕ್ಕೆ ನಾನು ಬತ್ತೀನಿ" ಎಂದು ಬೆಂಚಿನ ಮೇಲಿನಿಂದ ಹುಡುಗಿಯ ತಾಯಿ ಬೀಗಿತ್ತಿಗೆ ಹೇಳುತ್ತಿದ್ದರು. "ಅಷ್ಟೂ ಕೂತು ಕೇಳ್ತೀನಿ. ನಿನ್ನಂಗೆ ಎಲೆ ಬುಟ್ಟು ಏಳಾಕಿಲ್ಲ. ಆದ್ರೆ ನನ್ನ ಎಲೆ ಪಕ್ಕದಲ್ಲಿ ಒಂದು ಮೈಕು ಇರ್ಬೇಕು."

"ಇರ್ತದೆ ಬುಡವ್ವ" ಎಂದರು ಹುಡುಗನ ತಾಯಿ. "ಏನ್ರೀ ಮೈಕಿನವ್ರೇ, ನಮ್ ಅಟ್ಟಿ ಉದ್ದಕ್ಕೂ ಎಳೆಯೋವಷ್ಟು ವೈರು ಅದಾ ನಿಮ್ಮತ್ರ?"

ಮಾವ ಅಲ್ಲೇ ಸುರುಳಿ ಬಿಚ್ಚಿ, ಎರಡೂ ಕೈ ಚಾಚಿ ಮಾರು ಮಾರಾಗಿ ವೈರು ಅಳೆಯತೊಡಗಿದರು.